ಮಳೆಗಾಲದ ಮಂಗಳೂರಿನಲ್ಲಿ ಬೇರಿಯಂ ಟೈಟನೇಟ್–ಪಿವಿಡಿಎಫ್ ಫಿಲ್ಮ್: ನನ್ನ ಅನುಭವ

ಬೇರಿಯಂ ಟೈಟನೇಟ್ ಎಂಬ ಸೆರಾಮಿಕ್ ಪುಡಿಯನ್ನು ಪಿವಿಡಿಎಫ್ ಎಂಬ ಪ್ಲಾಸ್ಟಿಕ್‌ಗೆ (ಪಾಲಿಮರ್) ಬೆರೆಸಿ ಎರೆದ ತೆಳು ಹಾಳೆಯೇ ಈ ಫಿಲ್ಮ್. ನಮ್ಮೂರ ಮಳೆಗಾಲದಲ್ಲಿ ಇದಕ್ಕೆ ನೀರು ಎರಡು ಸಲ ಕೈಹಾಕುತ್ತದೆ. ಎರೆಯುವಾಗ ರಂಧ್ರ ಮಾಡಿ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು (ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಮರ್ಥ್ಯದ ಅಳತೆ) ಇಳಿಸುತ್ತದೆ, ಅಳೆಯುವಾಗ ಒಳಗೆ ಕೂತು ಏರಿಸುತ್ತದೆ. ಎರಡೂ ಸೇರಿದರೆ ನಂಬುವಂಥ ಸುಳ್ಳು ಅಂಕಿ ಸಿಗುತ್ತದೆ.

ನಾನು ಬಳಸುವುದು ಗಾತ್ರದ (ವಾಲ್ಯೂಮ್) ಲೆಕ್ಕದಲ್ಲಿ ಶೇ. 30 ಸೆರಾಮಿಕ್. ಸಾಂದ್ರತೆ (ಘನ ಸೆಂ.ಮೀ.ಗೆ ಗ್ರಾಂ) ಪುಡಿಗೆ 6.02, ಪಿವಿಡಿಎಫ್‌ಗೆ 1.78 ಎಂದು ಹಿಡಿದರೆ ಒಟ್ಟು 5 ಗ್ರಾಂಗೆ ಪುಡಿ 2.96 ಗ್ರಾಂ, ಪಿವಿಡಿಎಫ್ 2.04 ಗ್ರಾಂ. ತೂಕದಲ್ಲೇ ಶೇ. 30 ಹಾಕಿಬಿಟ್ಟರೆ ಗಾತ್ರದಲ್ಲಿ ಅದು ಬರೀ 11.

ಪುಡಿಯನ್ನು ರಾತ್ರಿಯಿಡೀ 120 ಡಿಗ್ರಿಯಲ್ಲಿ ಒಣಗಿಸಿ, 5 ಮಿ.ಲೀ. ಡಿಎಂಎಫ್ ಎಂಬ ದ್ರಾವಕದಲ್ಲಿ ಅರ್ಧ ಗಂಟೆ ಅಲ್ಟ್ರಾಸಾನಿಕ್‌ಗೆ ಇಡುತ್ತೇನೆ. ಪಿವಿಡಿಎಫ್ ಬೇರೆಯಾಗಿ 12 ಮಿ.ಲೀ. ಡಿಎಂಎಫ್‌ನಲ್ಲಿ, 60 ಡಿಗ್ರಿಯಲ್ಲಿ ತಿಳಿಯಾಗುವವರೆಗೆ ಕರಗಬೇಕು. ಆಮೇಲೆ ಎರಡನ್ನೂ ಬೆರೆಸುವುದು. ಗಟ್ಟಿ ದ್ರಾವಣಕ್ಕೆ ಒಣಪುಡಿ ಸುರಿದರೆ ಗಂಟು ಬಿಡುವುದಿಲ್ಲ. ಡಿಎಂಎಫ್ ಚರ್ಮದ ಮೂಲಕವೂ ಒಳಹೋಗುತ್ತದೆ, ಫ್ಯೂಮ್ ಹುಡ್ ಬಿಟ್ಟು ಮಾಡಬೇಡಿ.

9 ಸೆಂ.ಮೀ. ಪೆಟ್ರಿ ಡಿಶ್‌ಗೆ 7 ಮಿ.ಲೀ. ಎರೆದರೆ ಒಣಗಿದ ಮೇಲೆ ಸುಮಾರು 100 ಮೈಕ್ರಾನ್. ಡಿಶ್ ಮೊದಲೇ ಬಿಸಿಯಾಗಿರಲಿ. ಎರೆದ ಕೂಡಲೇ 80 ಡಿಗ್ರಿ ಓವನ್‌ಗೆ. ಮೇಜಿನ ಮೇಲೆ ಬಿಟ್ಟರೆ ಡಿಎಂಎಫ್ ಗಾಳಿಯ ತೇವ ಹೀರಿ, ಪಿವಿಡಿಎಫ್ ಸ್ಪಂಜಿನಂತೆ ಹೆಪ್ಪುಗಟ್ಟುತ್ತದೆ. ಬರೀ ಪಿವಿಡಿಎಫ್ ಆದರೆ ಹಾಲುಬಿಳಿಯಾಗಿ ಗುಟ್ಟು ರಟ್ಟಾಗುತ್ತದೆ. ಪುಡಿ ಸೇರಿದ ಫಿಲ್ಮ್ ಹೇಗೂ ಬಿಳಿ, ಕಣ್ಣಿಗೆ ಗೊತ್ತಾಗದು. ಅದಕ್ಕೇ ತೂಗಿ ನೋಡುವುದು: ಫಿಲ್ಮ್‌ನಿಂದ ಕತ್ತರಿಸಿದ 14 ಮಿ.ಮೀ. ವ್ಯಾಸ, 100 ಮೈಕ್ರಾನ್ ದಪ್ಪದ ಬಿಲ್ಲೆ 47 ಮಿ.ಗ್ರಾಂ ತೂಗಬೇಕು. 39 ಬಂದರೆ ಶೇ. 17ರಷ್ಟು ಗಾಳಿ. ಅಂಥದ್ದನ್ನು 190 ಡಿಗ್ರಿಯಲ್ಲಿ ಹಾಟ್ ಪ್ರೆಸ್ ಮಾಡಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೆ ಹೊಸದಾಗಿ ಎರೆಯುವುದೇ ಲೇಸು.

ಎಲೆಕ್ಟ್ರೋಡ್‌ಗಾಗಿ ಬಿಲ್ಲೆಗೆ ಸಿಲ್ವರ್ ಪೇಸ್ಟ್ ಬಳಿಯುವ ಮೊದಲೇ ದಪ್ಪ ಅಳೆಯಿರಿ. 5 ಮೈಕ್ರಾನ್ ತಪ್ಪಿದರೆ ಉತ್ತರ ಶೇ. 5 ತಪ್ಪು. ಎಲೆಕ್ಟ್ರೋಡ್ ವ್ಯಾಸ 10 ಮಿ.ಮೀ. ಮಾತ್ರ, ಅಂಚಿನಲ್ಲಿ 2 ಮಿ.ಮೀ. ಖಾಲಿ ಬಿಡದಿದ್ದರೆ ತೇವದ ಮೇಲ್ಮೈಯಲ್ಲೇ ಕರೆಂಟ್ ಸೋರುತ್ತದೆ. ಕೆಪಾಸಿಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್‌ಗೆ ಓಪನ್, ಶಾರ್ಟ್ ಕರೆಕ್ಷನ್ (ತಂತಿಗಳದ್ದೇ ಪಾಲನ್ನು ಕಳೆಯುವುದು) ಕೊಟ್ಟ ಮೇಲೆ 180 ಪಿಕೋಫ್ಯಾರಡ್ ಬಂದರೆ ಸ್ಥಿರಾಂಕ ಸುಮಾರು 26.

100 ಹರ್ಟ್ಜ್‌ನಲ್ಲಿ ಸ್ಥಿರಾಂಕ, ಟ್ಯಾನ್ ಡೆಲ್ಟಾ (ವಿದ್ಯುತ್ ನಷ್ಟದ ಅಳತೆ) ಎರಡೂ ಎದ್ದು, 100 ಕಿಲೋಹರ್ಟ್ಜ್‌ನಲ್ಲಿ ಹೆಚ್ಚು ಬದಲಾಗದಿದ್ದರೆ ಖುಷಿಪಡಬೇಡಿ. ಪುಡಿಯೂ ಪಾಲಿಮರೂ ಸೇರುವ ಗಡಿಯಲ್ಲಿ ಚಾರ್ಜ್ ಜಮೆಯಾಗುವ ಧ್ರುವೀಕರಣವೂ ಹೀಗೇ ಕಾಣುತ್ತದೆ, ನೀರೂ ಹೀಗೇ. ಬಿಲ್ಲೆಯನ್ನು 80 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಆರಿಸಿ ಮತ್ತೆ ಅಳೆಯಿರಿ. ಇಳಿದದ್ದು ನೀರಿನ ಪಾಲು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಡೆಸಿಕೇಟರ್‌ನ ನೀಲಿ ಸಿಲಿಕಾ ಜೆಲ್ ಬೇಗ ಗುಲಾಬಿಯಾಗುತ್ತದೆ. 120 ಡಿಗ್ರಿಯಲ್ಲಿ ಹುರಿದು ನೀಲಿ ಬಂದ ಮೇಲಷ್ಟೇ ಬಿಲ್ಲೆ ಒಳಗಿಡಿ.