ಜೋಡಿ ಅಣುಗಳ ದ್ರವಸ್ಫಟಿಕ: ಹಾಸನದಲ್ಲಿ ಮಾಡಿ ನೋಡಿದ್ದು

ದ್ರವಸ್ಫಟಿಕಗಳ ಮೇಲೆ, ಅಂದರೆ ದ್ರವದಂತೆ ಹರಿದರೂ ಅಣುಗಳು ಒಂದು ಕ್ರಮದಲ್ಲಿ ನಿಲ್ಲುವ ವಸ್ತುಗಳ ಮೇಲೆ, ಏನಾದರೂ ಕೆಲಸ ಮಾಡಬೇಕಾದರೆ ಬೆಂಗಳೂರಿನ ಬಸ್ಸು ಹತ್ತಬೇಕು ಎಂಬ ನಂಬಿಕೆ ನಮ್ಮ ಕಡೆಯ ಕಾಲೇಜುಗಳಲ್ಲಿ ಗಟ್ಟಿಯಾಗಿ ಕುಳಿತಿದೆ. ಅದಕ್ಕೆ ಕಾರಣ ಇಲ್ಲದಿಲ್ಲ. ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ 1977ರಲ್ಲಿ ಜಗತ್ತಿಗೆ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಅವರು ಬಳಸಿದ್ದು ಬೆಂಜೀನ್ ಉಂಗುರದ ಆರೂ ಮೂಲೆಗಳಿಗೆ ಒಂದೊಂದು ಉದ್ದನೆಯ ಬಾಲ ಕಟ್ಟಿದ ಅಣು. ಅಷ್ಟು ದೊಡ್ಡ ಕೆಲಸ ಹಾಸನದ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಅಣುವಿನ ಒಂದು ತುದಿಯನ್ನು ಸ್ವಲ್ಪ ಬದಲಿಸಿದರೆ ವಸ್ತುವಿನ ನಡತೆಯೇ ಬದಲಾಗುವುದನ್ನು ಕಣ್ಣಾರೆ ನೋಡಲು ನೂರು ಗ್ರಾಂ 4-ಹೈಡ್ರಾಕ್ಸಿ ಬೆಂಜೋಯಿಕ್ ಆಮ್ಲ, ಕೆಲವು ಆಲ್ಕೈಲ್ ಬ್ರೋಮೈಡುಗಳು (ಬ್ರೋಮೀನ್ ಅಂಟಿದ ಕಾರ್ಬನ್ ಸರಪಳಿಗಳು; ಈ ಸರಪಳಿಯೇ ಅಣುವಿನ ಬಾಲ), ಕಾಸ್ಟಿಕ್ ಪೊಟ್ಯಾಷ್ ಮತ್ತು ಒಂದು ಒಳ್ಳೆಯ ಸೂಕ್ಷ್ಮದರ್ಶಕ ಸಾಕು. ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟಿಗಾಗಿ ನಾನು ಇದನ್ನು ಕೈಗೆತ್ತಿಕೊಂಡೆ.

ಸೂಕ್ಷ್ಮದರ್ಶಕ ನಮ್ಮ ವಿಭಾಗದಲ್ಲಿ ಇರಲಿಲ್ಲ. ಅದು ಸಿಕ್ಕಿದ್ದು ಭೂವಿಜ್ಞಾನದವರ ಬಳಿ. ಶಿಲೆಯ ತೆಳು ಪದರಗಳನ್ನು ನೋಡಲು ಅವರು ಬಳಸುವ ಸೂಕ್ಷ್ಮದರ್ಶಕದಲ್ಲಿ ಮಾದರಿಯ ಕೆಳಗೊಂದು, ಮೇಲೊಂದು ಧ್ರುವಕ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಶೋಧಕ) ಇರುತ್ತವೆ. ಎರಡನ್ನೂ ಅಡ್ಡಡ್ಡ ಇಟ್ಟರೆ ಬೆಳಕು ದಾಟುವುದಿಲ್ಲ. ನಡುವೆ ದಿಕ್ಕಿನ ವ್ಯವಸ್ಥೆಯುಳ್ಳ ವಸ್ತು ಬಂದರೆ ಮಾತ್ರ ಬಣ್ಣ ಕಾಣುತ್ತದೆ. ಉಪಕರಣ ಕೊಡುವ ಮೊದಲು ಭೂವಿಜ್ಞಾನದ ಸಹೋದ್ಯೋಗಿ ನಮ್ಮ ಹುಡುಗರಿಗೆ ಎರಡು ಸ್ಲೈಡ್ ತೋರಿಸಿದರು. ಒಂದು ನುಗ್ಗೇಹಳ್ಳಿ ಪಟ್ಟಿಯ ಕ್ರೋಮೈಟ್, ಬೈರಾಪುರದ ಗಣಿಯ ಕಡೆಯದು. ಇನ್ನೊಂದು ಬಳಪದ ಕಲ್ಲು. ಕ್ರೋಮೈಟ್ ಕಪ್ಪಾಗಿಯೇ ಉಳಿಯಿತು, ಬಳಪದ ಕಲ್ಲಿನಲ್ಲಿದ್ದ ಟಾಲ್ಕ್ ಹೋಳಿ ಆಡಿತು. "ಕಪ್ಪು ಕಂಡ ತಕ್ಷಣ ನಂಬಬೇಡಿ, ಮೇಲಿನ ಧ್ರುವಕ ತೆಗೆದು ನೋಡಿ" ಎಂದರು ಅವರು. ಆ ಮಾತು ಮುಂದೆ ಬಹಳ ಉಪಯೋಗಕ್ಕೆ ಬಂತು. ಕ್ರೋಮೈಟ್ ಕಪ್ಪಾಗಿರುವುದು ಬೆಳಕನ್ನು ಬಿಡದ ಕಾರಣಕ್ಕೆ. ನಮ್ಮ ಮಾದರಿ ಪೂರ್ತಿ ಕರಗಿ ಸಾಮಾನ್ಯ ದ್ರವವಾದಾಗಲೂ ಕಪ್ಪಾಗುತ್ತದೆ, ಆದರೆ ಆ ಕಪ್ಪಿಗೆ ಕಾರಣ ಅಣುಗಳಿಗೆ ದಿಕ್ಕಿಲ್ಲದಿರುವುದು. ಮೇಲಿನ ಧ್ರುವಕ ತೆಗೆದರೆ ಅದು ತಿಳಿನೀರಿನಷ್ಟು ಸ್ವಚ್ಛ.

ಟಾಲ್ಕ್ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು, ಏಕೆಂದರೆ ಈ ಜಿಲ್ಲೆಯವರಿಗೆ ರಚನೆ ಮತ್ತು ಗುಣದ ಸಂಬಂಧಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಟಾಲ್ಕಿನೊಳಗೆ ಸಿಲಿಕೇಟ್ ಹಾಳೆಗಳಿವೆ. ಹಾಳೆಯೊಳಗಿನ ಬಂಧಗಳು ಗಟ್ಟಿ, ಹಾಳೆ ಹಾಳೆಗಳ ನಡುವಿನ ಸೆಳೆತ ತೀರಾ ದುರ್ಬಲ. ಆದ್ದರಿಂದಲೇ ಮೋಸ್ ಕಾಠಿಣ್ಯದ ಪಟ್ಟಿಯಲ್ಲಿ ಅದರ ಸ್ಥಾನ ಎಲ್ಲಕ್ಕಿಂತ ಕೆಳಗೆ, 1. ಬೇಲೂರು ಮತ್ತು ಹಳೇಬೀಡಿನ ಉಳಿಗಳು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಓಡಿದ್ದರ ಹಿಂದೆ ಶಿಲ್ಪಿಗಳ ಕೈ ಇದೆ, ಜೊತೆಗೆ ಟಾಲ್ಕ್ ಮತ್ತು ಕ್ಲೋರೈಟಿನಂಥ ಪದರ ಖನಿಜಗಳೂ ಇವೆ. ಗ್ರಾನೈಟಿನಲ್ಲಿ ಆ ಮದನಿಕೆಯರ ಆಭರಣಗಳನ್ನು ಕೆತ್ತಲು ಹೊರಟಿದ್ದರೆ ಎಷ್ಟು ಉಳಿ ಸವೆಯುತ್ತಿತ್ತೋ.

ಬಿಸಿ ಮಾಡುವ ವೇದಿಕೆ ಇನ್ನೊಂದು ಸಮಸ್ಯೆ. ಸೂಕ್ಷ್ಮದರ್ಶಕದ ಕೆಳಗೆ ಮಾದರಿಯನ್ನು ನಿಧಾನವಾಗಿ 200 ಡಿಗ್ರಿಯವರೆಗೆ ಏರಿಸಿ ಇಳಿಸುವ ಸಿದ್ಧ ಉಪಕರಣದ ಬೆಲೆ ನಮ್ಮ ವಿಭಾಗದ ವರ್ಷದ ಅನುದಾನಕ್ಕಿಂತ ಹೆಚ್ಚು. ಬಿ.ಎಂ. ರಸ್ತೆಯ ಕಡೆಯ ಒಂದು ಲೇತ್ ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ತುಂಡೊಂದನ್ನು ಕೊರೆಸಿದೆ. ನಡುವೆ ಬೆಳಕು ಹೋಗಲು ಸಣ್ಣ ತೂತು, ಎರಡು ಬದಿಗೆ ಹೀಟರ್ ಕಡ್ಡಿಗಳಿಗೆ ಜಾಗ, ಸ್ಲೈಡಿನ ಅಂಚಿಗೆ ಹತ್ತಿರವಾಗಿ ಉಷ್ಣಾಂಶ ಅಳೆಯುವ ಥರ್ಮೋಕಪಲ್ ತಂತಿಗೆ ಇನ್ನೊಂದು ತೂತು. "ಮೇಡಂ, ಇದು ಯಾವ ಗಾಡಿಯ ಪಾರ್ಟು?" ಎಂದು ಕೇಳಿದ ಲೇತಿನವರಿಗೆ ನಾನು ವಿವರಿಸಿದ್ದು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ತೂತುಗಳು ಮಾತ್ರ ನನ್ನ ಚಿತ್ರಕ್ಕಿಂತ ಅಚ್ಚುಕಟ್ಟಾಗಿ ಬಂದವು.

ಉಷ್ಣಾಂಶದ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಲು ಕುದಿಯುವ ನೀರನ್ನು ನಂಬಬಾರದು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರಿಗೂ ಮೇಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕರಗುವ ಬಿಂದುವಿಗೆ ಈ ಎತ್ತರದ ಹಂಗಿಲ್ಲ. ಶುದ್ಧ ಬೆಂಜೋಯಿಕ್ ಆಮ್ಲ 122 ಡಿಗ್ರಿಗೆ ಕರಗುತ್ತದೆ, ಎಲ್ಲ ಪ್ರಯೋಗಾಲಯಗಳಲ್ಲೂ ಇರುತ್ತದೆ, ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡೆ.

ಇನ್ನು ಅಡುಗೆ. 4-ಹೈಡ್ರಾಕ್ಸಿ ಬೆಂಜೋಯಿಕ್ ಆಮ್ಲವನ್ನು ಎಥನಾಲಿನಲ್ಲಿ ಕರಗಿಸಿ, ಎರಡು ಪಟ್ಟು ಮೋಲ್‌ಗಿಂತ ತುಸು ಹೆಚ್ಚೇ ಪೊಟ್ಯಾಷ್ ಹಾಕಿ, ಚಿಟಿಕೆ ಪೊಟ್ಯಾಸಿಯಂ ಅಯೊಡೈಡ್ ಸೇರಿಸಿ, ಆಲ್ಕೈಲ್ ಬ್ರೋಮೈಡನ್ನು ಹನಿಹನಿಯಾಗಿ ಬಿಟ್ಟು ಇಡೀ ದಿನ ರಿಫ್ಲಕ್ಸ್ ಮಾಡಬೇಕು, ಅಂದರೆ ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಬೀಳುವಂತೆ ಕುದಿಸಬೇಕು. ಬ್ರೋಮೈಡಿನ ಬಾಲ ಹೋಗಿ ಕೂರಬೇಕಾದ್ದು ಫೀನಾಲ್ ತುದಿಯಲ್ಲಿ (ಹೈಡ್ರಾಕ್ಸಿ ಇರುವ ಕಡೆ), ಆದರೆ ಸ್ವಲ್ಪ ಭಾಗ ಆಮ್ಲದ ತುದಿಯಲ್ಲೂ ಕುಳಿತು ಎಸ್ಟರ್ ಆಗಿಬಿಡುತ್ತದೆ. ಆದ್ದರಿಂದ ಕೊನೆಗೆ ಇನ್ನಷ್ಟು ಪೊಟ್ಯಾಷ್ ನೀರು ಹಾಕಿ ಮತ್ತೊಮ್ಮೆ ಕುದಿಸುವುದನ್ನು ತಪ್ಪಿಸಬಾರದು. ಉದ್ದ ಬಾಲದ ಆಮ್ಲಗಳ ಪೊಟ್ಯಾಸಿಯಂ ಲವಣ ನಿಜಕ್ಕೂ ಒಂದು ಸಾಬೂನು. ನೊರೆ ಕಂಡೆನ್ಸರಿನವರೆಗೂ ಏರುತ್ತದೆ, ದೊಡ್ಡ ಫ್ಲಾಸ್ಕನ್ನೇ ಹಿಡಿಯಿರಿ. ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬಿಳಿ ಒತ್ತರ ಬೀಳುತ್ತದೆ. ಸೋಸಿ, ತೊಳೆದು, ಎಥನಾಲಿನಿಂದ ಮರುಸ್ಫಟಿಕೀಕರಣ. ಬ್ಯೂಟೈಲ್, ಪೆಂಟೈಲ್, ಹೆಕ್ಸೈಲ್, ಆಕ್ಟೈಲ್, ಡೋಡೆಸೈಲ್ ಬಾಲಗಳನ್ನು (ಕ್ರಮವಾಗಿ 4, 5, 6, 8, 12 ಕಾರ್ಬನ್) ಹೀಗೆ ಕಟ್ಟಿದೆವು. ಒಂದೇ ಕಾರ್ಬನ್ನಿನ ಮೆಥಾಕ್ಸಿ ಆಮ್ಲವನ್ನು ಕೊಂಡು ತಂದೆವು.

ಮೆಥಾಕ್ಸಿ ಆಮ್ಲ 184 ಡಿಗ್ರಿಗೆ ಕರಗಿ ನೇರವಾಗಿ ಕತ್ತಲಾಯಿತು. ದ್ರವಸ್ಫಟಿಕದ ಸುಳಿವೇ ಇಲ್ಲ. ಬ್ಯೂಟಾಕ್ಸಿ ಆಮ್ಲ 147ಕ್ಕೆ ಕರಗಿತು, ಆದರೆ ಕತ್ತಲಾಗಲಿಲ್ಲ. ಕವರ್ ಸ್ಲಿಪ್ಪಿನ ಕೆಳಗೆ ಹರಿಯುವ, ಮಿನುಗುವ, ಕರಿ ಎಳೆಗಳು ಅಲ್ಲಲ್ಲಿ ಗಂಟು ಹಾಕಿಕೊಂಡ ಬಣ್ಣದ ದ್ರವ. 160 ಡಿಗ್ರಿಗೆ ಅದು ಆರಿಹೋಯಿತು. ಇದು ನೆಮ್ಯಾಟಿಕ್. ಹೇಮಾವತಿಯಲ್ಲಿ ತೇಲಿಬಿಟ್ಟ ಬಿದಿರ ಬೊಂಬುಗಳಂತೆ ಅಣುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ, ಯಾವುದು ಮುಂದೆ ಯಾವುದು ಹಿಂದೆ ಎಂಬ ಲೆಕ್ಕವಿರುವುದಿಲ್ಲ. ಹೆಕ್ಸಿಲಾಕ್ಸಿ ಆಮ್ಲ 105ಕ್ಕೇ ಕರಗಿ 153ರವರೆಗೆ ನೆಮ್ಯಾಟಿಕ್ ಆಗಿ ಉಳಿಯಿತು. ಬಾಲ ಉದ್ದವಾದಷ್ಟೂ ಸ್ಫಟಿಕದ ಜೋಡಣೆ ಸಡಿಲವಾಗಿ ಬೇಗ ಕರಗುತ್ತದೆ, ಸಾಲು ಮಾತ್ರ ಅಷ್ಟು ಬೇಗ ಚದುರುವುದಿಲ್ಲ. ಮೆಥಾಕ್ಸಿಯಲ್ಲಿ ಸ್ಫಟಿಕ ಎಷ್ಟು ಗಟ್ಟಿಯೆಂದರೆ, ಅದು ಒಡೆಯುವ ಹೊತ್ತಿಗೆ ಸಾಲು ನಿಲ್ಲುವ ಉಷ್ಣಾಂಶ ದಾಟಿಹೋಗಿರುತ್ತದೆ.

ಆಕ್ಟಿಲಾಕ್ಸಿ ಆಮ್ಲದಲ್ಲಿ ಹೊಸದೊಂದು ಸೇರಿತು. 101ಕ್ಕೆ ಕರಗಿ, 108ರವರೆಗೆ ಒಂದು ಬಗೆ, ಅಲ್ಲಿಂದ 147ರವರೆಗೆ ನೆಮ್ಯಾಟಿಕ್. ಕೆಳಗಿನದು ಸ್ಮೆಕ್ಟಿಕ್ ಸಿ: ಅಣುಗಳು ಪದರ ಕಟ್ಟಿ, ಆ ಪದರದೊಳಗೆ ಓರೆಯಾಗಿ ನಿಂತಿರುತ್ತವೆ. ಎರಡರ ವ್ಯತ್ಯಾಸ ತಿಳಿಯಲು ಚಿತ್ರಗಳ ಪುಸ್ತಕ ಬೇಕಿಲ್ಲ. ಕವರ್ ಸ್ಲಿಪ್ಪನ್ನು ಸೂಜಿಯ ತುದಿಯಿಂದ ಮೆಲ್ಲಗೆ ತಟ್ಟಿ. ನೆಮ್ಯಾಟಿಕ್ ಫಳಕ್ಕನೆ ಮಿಂಚುತ್ತದೆ, ತಟ್ಟದಿದ್ದರೂ ಒಳಗೊಳಗೇ ಕಂಪಿಸುತ್ತಿರುತ್ತದೆ. 108ರ ಕೆಳಗೆ ಇಳಿದೊಡನೆ ಆ ಚಡಪಡಿಕೆ ಬಹುಮಟ್ಟಿಗೆ ನಿಂತು ದ್ರವ ದಪ್ಪವಾಗುತ್ತದೆ. ಡೋಡೆಸಿಲಾಕ್ಸಿ ಆಮ್ಲದಲ್ಲಿ ಪದರಗಳದೇ ದರ್ಬಾರು: 95ರಿಂದ 129ರವರೆಗೆ ಸ್ಮೆಕ್ಟಿಕ್, ನೆಮ್ಯಾಟಿಕ್‌ಗೆ ಉಳಿದದ್ದು 137ರವರೆಗಿನ ಎಂಟೇ ಡಿಗ್ರಿ. ಉದ್ದ ಬಾಲಗಳು ಬಾಲಗಳ ಜೊತೆ, ಗಟ್ಟಿ ಉಂಗುರಗಳು ಉಂಗುರಗಳ ಜೊತೆ ಸೇರಲು ಬಯಸುವುದರಿಂದ ಪದರ ತಾನಾಗಿಯೇ ಕಟ್ಟಿಕೊಳ್ಳುತ್ತದೆ.

ಐದು ಕಾರ್ಬನ್ನಿನ ಬಾಲವನ್ನು ನಾನು ಸೇರಿಸಿದ್ದು ಒಂದು ಮೋಜಿಗಾಗಿ. ಕತ್ತಲಾಗುವ ಉಷ್ಣಾಂಶ ನಾಲ್ಕಕ್ಕೆ 160, ಐದಕ್ಕೆ 151, ಆರಕ್ಕೆ ಮತ್ತೆ ಏರಿ 153. ಸಮ ಸಂಖ್ಯೆಯಲ್ಲಿ ಬಾಲದ ಕೊನೆಯ ಕೊಂಡಿ ಅಣುವಿನ ಉದ್ದಕ್ಕೇ ಚಾಚುತ್ತದೆ, ಬೆಸ ಸಂಖ್ಯೆಯಲ್ಲಿ ಪಕ್ಕಕ್ಕೆ ವಾಲುತ್ತದೆ. ಕೊನೆಯ ಒಂದು ಕೊಂಡಿಯ ವಾಲುವಿಕೆ ಥರ್ಮೋಮೀಟರಿನಲ್ಲಿ ಓದಲು ಸಿಗುವುದು ನನಗೆ ಈಗಲೂ ಬೆರಗು.

ಆದರೆ ವಿದ್ಯಾರ್ಥಿಗಳಿಗೆ ನಾನು ಮುಖ್ಯವಾಗಿ ತೋರಿಸಬೇಕೆಂದಿದ್ದದ್ದು ಬೇರೆ. ಪಠ್ಯಪುಸ್ತಕಗಳು ದ್ರವಸ್ಫಟಿಕಕ್ಕೆ ಉದ್ದನೆಯ, ಕಡ್ಡಿಯಂಥ ಅಣು ಬೇಕು ಎಂದು ಬರೆದು ಸುಮ್ಮನಾಗುತ್ತವೆ. ಈ ಆಮ್ಲಗಳಲ್ಲಿರುವುದು ಒಂದೇ ಒಂದು ಬೆಂಜೀನ್ ಉಂಗುರ. ಒಂಟಿ ಅಣು ಅಷ್ಟೇನೂ ಉದ್ದದ ಕಡ್ಡಿಯಲ್ಲ. ಹಾಗಿದ್ದೂ ಇದು ಹೇಗೆ ಸಾಧ್ಯ? ಎರಡು ಅಣುಗಳ ಆಮ್ಲದ ತುದಿಗಳು ಎದುರುಬದುರಾಗಿ ಎರಡು ಹೈಡ್ರೋಜನ್ ಬಂಧಗಳಿಂದ ಬೆಸೆದುಕೊಳ್ಳುತ್ತವೆ. ಆ ಎಂಟು ಪರಮಾಣುಗಳ ಬೆಸುಗೆಯೇ ನಡುವಿನ ಉಂಗುರದಂತೆ ಕೆಲಸ ಮಾಡಿ, ಇಡೀ ಜೋಡಿ ಮೂರು ಉಂಗುರಗಳ ಉದ್ದ ಕಡ್ಡಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಸಾಲುಗಟ್ಟಿ ನಿಂತದ್ದು ನಾವು ಫ್ಲಾಸ್ಕಿನಲ್ಲಿ ಮಾಡಿದ ಅಣು ಅಲ್ಲ, ಅದರ ಜೋಡಿ.

ಇದನ್ನು ಹೇಳಿದರೆ ಸಾಲದು, ಜೋಡಿಯನ್ನು ಬಿಡಿಸಿ ನೋಡಬೇಕು. ಆಕ್ಟಿಲಾಕ್ಸಿ ಆಮ್ಲದ ಸ್ವಲ್ಪ ಭಾಗವನ್ನು ಮೆಥನಾಲ್ ಮತ್ತು ಕೆಲವು ಹನಿ ಗಂಧಕಾಮ್ಲದೊಂದಿಗೆ ಕುದಿಸಿ ಮೀಥೈಲ್ ಎಸ್ಟರ್ ಮಾಡಿದೆವು. ಹೈಡ್ರೋಜನ್ ಇದ್ದ ಜಾಗಕ್ಕೆ ಒಂದು ಮೀಥೈಲ್ ಬಂದು ಕುಳಿತಿದೆ, ಅಷ್ಟೇ ಬದಲಾವಣೆ. ಒಂಟಿ ಅಣುವನ್ನೇ ಲೆಕ್ಕಕ್ಕೆ ಹಿಡಿದರೆ ಅದು ಮೊದಲಿಗಿಂತ ತುಸು ಉದ್ದವೇ ಆಗಿದೆ. ಸ್ಲೈಡಿನ ಮೇಲೆ ಅದು ಆಮ್ಲಕ್ಕಿಂತ ಎಷ್ಟೋ ಕೆಳಗಿನ ಉಷ್ಣಾಂಶದಲ್ಲಿ ಕರಗಿತು, ಕರಗಿದ ಕೂಡಲೇ ಕತ್ತಲು. ತಣಿಸಿದರೂ ನೆಮ್ಯಾಟಿಕ್ ಇಲ್ಲ, ಸ್ಮೆಕ್ಟಿಕ್ ಇಲ್ಲ. ಅಣುವಿನ ಬಂಧಗಳು ಯಾವ ಅವಕೆಂಪು ಬೆಳಕನ್ನು ಹೀರುತ್ತವೆ ಎಂದು ತೋರಿಸುವ ರೋಹಿತಕ್ಕಾಗಿ ಎರಡೂ ಮಾದರಿಗಳನ್ನು ಮೈಸೂರಿಗೆ ಕಳುಹಿಸಿದ್ದೆ. ಆಮ್ಲದಲ್ಲಿ ಸೆಂಟಿಮೀಟರಿಗೆ 2500ರಿಂದ 3000 ಅಲೆಗಳವರೆಗೆ ಚಾಪೆ ಹಾಸಿದ್ದ, ಹೈಡ್ರೋಜನ್ ಬಂಧದ ಗುರುತಾದ ಅಗಲವಾದ ಪಟ್ಟಿ ಎಸ್ಟರಿನಲ್ಲಿ ಮಾಯವಾಗಿತ್ತು. ಕಾರ್ಬೊನಿಲ್ (ಕಾರ್ಬನ್-ಆಕ್ಸಿಜನ್ ಜೋಡಿಬಂಧ) ಗೆರೆ 1685ರ ಆಸುಪಾಸಿನಿಂದ 1720ರ ಕಡೆಗೆ ಸರಿದಿತ್ತು. ಜೋಡಿ ಕಳಚಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಉಂಗುರದ ನಾಲ್ಕನೇ ಸ್ಥಾನದ ಬದಲು ಮೂರನೇ ಸ್ಥಾನದಲ್ಲಿ ಬಾಲವಿರುವ ಆಮ್ಲವನ್ನೂ ಮಾಡಿ ನೋಡಬಹುದು. ಅಲ್ಲಿ ಜೋಡಿ ಇರುತ್ತದೆ, ಆದರೆ ಬಾಲ ಪಕ್ಕಕ್ಕೆ ತಿರುಗಿ ಕಡ್ಡಿಯ ರೂಪ ಕೆಡುವುದರಿಂದ ದ್ರವಸ್ಫಟಿಕ ಸಿಗುವುದಿಲ್ಲ.

ಮಳೆಗಾಲದಲ್ಲಿ ಮಾಡಿಸಿದ ಇನ್ನೊಂದು ಪ್ರಯೋಗವನ್ನು ಚಿಕ್ಕದಾಗಿ ಹೇಳುತ್ತೇನೆ. ಅನಿಸಾಲ್ಡಿಹೈಡ್ ಮತ್ತು ಬ್ಯೂಟೈಲ್ ಅನಿಲಿನ್ ಸೇರಿಸಿದರೆ ಎಂಬಿಬಿಎ ಎಂಬ ಷಿಫ್ ಬೇಸ್ (ಕಾರ್ಬನ್-ನೈಟ್ರೋಜನ್ ಜೋಡಿಬಂಧವಿರುವ ಸಂಯುಕ್ತ) ಸಿಗುತ್ತದೆ. 22ರಿಂದ 47 ಡಿಗ್ರಿಯವರೆಗೆ ನೆಮ್ಯಾಟಿಕ್, ಅಂದರೆ ಹೀಟರೇ ಬೇಡ, ಅಂಗೈ ಶಾಖ ಸಾಕು. ಅದರ ಎರಡು ಉಂಗುರಗಳ ನಡುವಿನ ಕಾರ್ಬನ್-ನೈಟ್ರೋಜನ್ ಸೇತುವೆ ನೀರಿಗೆ ಸೋಲುತ್ತದೆ. ಸಕಲೇಶಪುರದ ಕಡೆಯಿಂದ ಮೋಡ ಇಳಿಯುವ ಜುಲೈನಲ್ಲಿ ಒಂದು ಸೀಸೆಯನ್ನು ಬೇಕೆಂದೇ ತೆರೆದಿಟ್ಟೆವು. ಕತ್ತಲಾಗುವ ಉಷ್ಣಾಂಶ ದಿನದಿಂದ ದಿನಕ್ಕೆ ಇಳಿಯಿತು, ಸೀಸೆಯಿಂದ ಅನಿಸಾಲ್ಡಿಹೈಡಿನ ಸೋಂಪಿನಂಥ ಸಿಹಿ ವಾಸನೆ ಮತ್ತೆ ಬರತೊಡಗಿತು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗ್ರೇ ತಂಡ 1973ರಲ್ಲಿ ಸೇತುವೆಯನ್ನೇ ಕಿತ್ತುಹಾಕಿ ಎರಡು ಉಂಗುರಗಳನ್ನು ನೇರವಾಗಿ ಬೆಸೆದ ಸಯನೋಬೈಫಿನೈಲುಗಳನ್ನು ಪ್ರಕಟಿಸಿತು. ಗಡಿಯಾರ, ಕ್ಯಾಲ್ಕುಲೇಟರುಗಳ ಪರದೆಗಳು ವರ್ಷಗಟ್ಟಲೆ ಬಾಳಿಕೆ ಬಂದದ್ದು ಅಲ್ಲಿಂದ ಮುಂದೆ.

ಮಾಡಿ ನೋಡುವವರಿಗೆ ಎರಡು ಸೂಚನೆ. ಕರಗುವ ಬಿಂದುವನ್ನು ಬಿಸಿ ಮಾಡುವಾಗ ಮಾತ್ರ ಓದಿ, ಏಕೆಂದರೆ ತಣಿಸುವಾಗ ಸ್ಫಟಿಕ ಹಲವು ಡಿಗ್ರಿ ತಡವಾಗಿ ಮೂಡುತ್ತದೆ. ನೆಮ್ಯಾಟಿಕ್ ಕತ್ತಲಾಗುವ ಬಿಂದು ಹಾಗಲ್ಲ, ಏರುವಾಗಲೂ ಇಳಿಯುವಾಗಲೂ ಹೆಚ್ಚುಕಡಿಮೆ ಒಂದೇ ಕಡೆ ಬರುತ್ತದೆ. ಕತ್ತಲಿನಿಂದ ಇಳಿಸುವಾಗ ಮೊದಲು ಕಾಣುವ ದುಂಡನೆಯ ಬಣ್ಣದ ಹನಿಗಳನ್ನು ಕಾಯುವುದು ಸುಲಭ. ಆ ಹನಿಗಳು ಮತ್ತು ಕತ್ತಲು ಒಂದು ಡಿಗ್ರಿಗಿಂತ ಹೆಚ್ಚು ಹೊತ್ತು ಒಟ್ಟಿಗೇ ಉಳಿದರೆ ಮಾದರಿಯಲ್ಲಿ ಕಲ್ಮಶವಿದೆ, ಮತ್ತೊಮ್ಮೆ ಎಥನಾಲಿನಲ್ಲಿ ಸ್ಫಟಿಕ ಮಾಡಿ. ಪ್ರಾಜೆಕ್ಟಿಗೆ ಸಮಯ ಕಡಿಮೆಯಿದ್ದರೆ ಆಕ್ಟಿಲಾಕ್ಸಿ ಆಮ್ಲ ಮತ್ತು ಅದರ ಎಸ್ಟರ್, ಇವೆರಡನ್ನೇ ಮಾಡಿಸಿ. ಉಳಿದವನ್ನು ಮುಂದಿನ ಬ್ಯಾಚಿಗೆ ಬಿಡಬಹುದು.