ಕಚೇರಿಯ ಗ್ರಂಥಾಲಯ: ಇ-ಜರ್ನಲ್‌ಗಳಲ್ಲಿ ಬೇಕಾದ ಲೇಖನ ಹುಡುಕುವುದು ಹೇಗೆ?

ಕೃಷಿ ಮತ್ತು ತೋಟಗಾರಿಕೆ ಸಂಸ್ಥೆಗಳಲ್ಲಿ ಕೆಲಸ ಮಾಡುವ ಅನೇಕರು ತಮ್ಮ ಗ್ರಂಥಾಲಯದ ಮೂಲಕ ಸಿಗುವ ಇ-ಜರ್ನಲ್‌ಗಳನ್ನು ತೆರೆದೇ ನೋಡುವುದಿಲ್ಲ. ಗೂಗಲ್‌ನಲ್ಲಿ ಎರಡು ಪದ ಹಾಕಿ, ಸಿಕ್ಕಿದ ಪುಟವು ಡಾಲರ್ ಲೆಕ್ಕದಲ್ಲಿ ಹಣ ಕೇಳಿದ ಕೂಡಲೇ ಕೈಬಿಟ್ಟು, ಈ ವಿಷಯದಲ್ಲಿ ಸಂಶೋಧನೆಯೇ ಆಗಿಲ್ಲ ಎಂದು ತೀರ್ಮಾನಿಸುವವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆ ತೀರ್ಮಾನದ ಆಧಾರದ ಮೇಲೆಯೇ ರೈತರಿಗೆ ಸಲಹೆ ಹೋಗುವುದರಿಂದ ಇದನ್ನು ಸಣ್ಣ ವಿಷಯವೆಂದು ಬಿಡಲಾಗದು. ಇಡೀ ಕ್ರಮವನ್ನು ಒಂದೇ ಪ್ರಶ್ನೆಯ ಮೂಲಕ ನೋಡೋಣ: ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶೇ 1ರ ಬೋರ್ಡೋ ದ್ರಾವಣದ ಬದಲಿಗೆ ಅಥವಾ ಅದರ ಜೊತೆಗೆ ಪೊಟ್ಯಾಸಿಯಂ ಫಾಸ್ಫೊನೇಟ್ ಎಂಬ ಔಷಧ ಬಳಸಿ ನೋಡಿದವರು ಏನನ್ನು ಕಂಡಿದ್ದಾರೆ?

ಹೆಜ್ಜೆ 1: ಗ್ರಂಥಾಲಯದ ಪುಟದಿಂದಲೇ ಒಳಗೆ ಹೋಗಿ

ಪ್ರಕಾಶಕರು ನಿಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ; ನಿಮ್ಮ ಕಂಪ್ಯೂಟರ್ ಸಂಸ್ಥೆಯ ಅಂತರಜಾಲ ಸಂಪರ್ಕದಲ್ಲಿದೆಯೇ ಎಂಬುದನ್ನು ಅದರ ಐಪಿ ವಿಳಾಸದಿಂದ ತಿಳಿಯುತ್ತಾರೆ. ಆವರಣದೊಳಗೇ ಕುಳಿತಿದ್ದರೂ ಮೊಬೈಲ್ ಡೇಟಾ ಬಳಸುತ್ತಿದ್ದರೆ ಅವರ ಪಾಲಿಗೆ ನೀವು ಹೊರಗಿನವರೇ. ಮನೆಯಿಂದ ಅಥವಾ ಕ್ಷೇತ್ರ ಭೇಟಿಯ ಊರಿನಿಂದ ಓದಬೇಕಾದರೆ ಹೊರಗಿನಿಂದ ಪ್ರವೇಶಿಸಲು ಸಂಸ್ಥೆ ಕೊಡುವ ಲಾಗಿನ್ ಬೇಕು. ಅದನ್ನು ಸಂಸ್ಥೆಯ ಇಮೇಲ್ ವಿಳಾಸದೊಂದಿಗೆ ಗ್ರಂಥಪಾಲಕರಿಂದ ಇಂದೇ ಪಡೆದುಕೊಳ್ಳಿ; ಅಗತ್ಯ ಬಿದ್ದ ದಿನ ಕೇಳಿದರೆ ತಡವಾಗುತ್ತದೆ.

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸೇರಿವೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಿರ್ವಹಿಸುತ್ತದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳು ಹಾಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳಿಗಾಗಿ ಈ ಯೋಜನೆ ಇರುವುದರಿಂದ, ನಿಮ್ಮ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಯಾವ ಕಾರಣಕ್ಕೂ ನಿಮ್ಮ ಸ್ವಂತ ಕಾರ್ಡಿನಿಂದ ಒಂದು ಲೇಖನಕ್ಕೆ ಹಣ ಕಟ್ಟಬೇಡಿ.

ಹೆಜ್ಜೆ 2: ದತ್ತಸಂಚಯ ಬೇರೆ, ಜರ್ನಲ್ ಬೇರೆ

ದತ್ತಸಂಚಯವು (ಡೇಟಾಬೇಸ್) ಯಾವ ಲೇಖನ ಎಲ್ಲಿ ಪ್ರಕಟವಾಗಿದೆ ಎಂದು ಹೇಳುತ್ತದೆ. ಲೇಖನ ಇರುವುದು ಜರ್ನಲ್‌ನಲ್ಲಿ. ಹುಡುಕಾಟ ಶುರುವಾಗಬೇಕಾದದ್ದು ದತ್ತಸಂಚಯದಿಂದ. ಕೃಷಿಗೆ ಸಂಬಂಧಿಸಿ ಗ್ರಂಥಾಲಯ ಚಂದಾ ಕೊಟ್ಟಿದ್ದರೆ ಕ್ಯಾಬ್ ಆ್ಯಬ್‌ಸ್ಟ್ರ್ಯಾಕ್ಟ್ಸ್ ಅಥವಾ ಜೆ-ಗೇಟ್, ಇಲ್ಲದಿದ್ದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಉಚಿತವಾಗಿ ನೀಡುವ ಅಗ್ರಿಸ್ ಸಾಕು. ಗೂಗಲ್ ಸ್ಕಾಲರ್ ಅನ್ನು ಕೊನೆಗೆ ಬಳಸಿ, ಮೊದಲಿಗೆ ಬೇಡ; ಅದರಲ್ಲಿ ಒಳ್ಳೆಯ ಜರ್ನಲ್‌ಗಳ ಜೊತೆಗೆ ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚು ಹಾಕುವ ಪತ್ರಿಕೆಗಳೂ ಬೆರೆತು ಬರುತ್ತವೆ.

ಹೆಜ್ಜೆ 3: ಪದಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ

ಬಹುತೇಕ ಹುಡುಕಾಟಗಳು ಕೆಡುವುದು ಇಲ್ಲಿಯೇ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಕಾಲು ಗಂಟೆಯನ್ನು ಇದಕ್ಕೆ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಡೀ ಪ್ರಶ್ನೆಯನ್ನು ವಾಕ್ಯವಾಗಿ ಟೈಪ್ ಮಾಡಬೇಡಿ. ಅದನ್ನು ಬೆಳೆ, ರೋಗ, ಔಷಧ ಎಂದು ಮೂರು ಭಾಗ ಮಾಡಿ, ಪ್ರತಿಯೊಂದರ ಕೆಳಗೆ ಆ ವಸ್ತುವಿಗೆ ಲೇಖಕರು ಬಳಸಿರಬಹುದಾದ ಎಲ್ಲ ಹೆಸರುಗಳನ್ನೂ ಇಂಗ್ಲಿಷಿನಲ್ಲಿ ಬರೆಯಿರಿ.

ಮೊದಲು ಬೆಳೆ. ಭಾರತದ ಲೇಖಕರು ‘ಅರೆಕಾನಟ್’ ಎಂದು ಒಂದೇ ಪದವಾಗಿ ಬರೆಯುವುದು ಹೆಚ್ಚು. ಬೇರೆಯವರು ‘ಅರೆಕಾ ನಟ್’ ಎಂದು ಬಿಡಿಸಿ ಬರೆಯುತ್ತಾರೆ, ‘ಅರೆಕಾ ಪಾಮ್’ ಎನ್ನುವವರೂ ಇದ್ದಾರೆ. ಮೂರನ್ನೂ ಕೊಡದಿದ್ದರೆ ಒಂದಷ್ಟು ಲೇಖನಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ‘ಬೀಟಲ್ ನಟ್’ ಎಂದು ಕೊಟ್ಟರೆ ಬಾಯಿಯ ಕ್ಯಾನ್ಸರ್‌ಗೆ ಸಂಬಂಧಿಸಿದ ವೈದ್ಯಕೀಯ ಲೇಖನಗಳು ರಾಶಿಯಾಗಿ ಬರುತ್ತವೆ. ಇವೆಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ‘ಅರೆಕಾ ಕ್ಯಾಟೆಚು’ ಎಂಬ ವೈಜ್ಞಾನಿಕ ಹೆಸರು. ಅದನ್ನು ಎಂದಿಗೂ ಬಿಡಬೇಡಿ.

ರೋಗದ ವಿಷಯ ಇನ್ನೂ ತೊಡಕಿನದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಪ್ರಕಟಿಸಿದ ವರದಿಯಲ್ಲಿ ‘ಕೊಳೆರೋಗ’ ಎಂಬ ನಮ್ಮ ಹೆಸರನ್ನೇ ಬಳಸಿದರು. ಆ ಹೆಸರು ಇಂದಿಗೂ ಇಂಗ್ಲಿಷ್ ಲೇಖನಗಳಲ್ಲಿ ಇದೆ. ಜೊತೆಗೆ ‘ಮಹಾಳಿ’ ಮತ್ತು ‘ಫ್ರೂಟ್ ರಾಟ್’ ಎಂಬ ಹೆಸರುಗಳೂ ಇವೆ. ಆದರೆ ಕಾಫಿ ಗಿಡಕ್ಕೆ ಬರುವ, ಬೇರೆಯದೇ ಶಿಲೀಂಧ್ರದಿಂದ ಉಂಟಾಗುವ ಕಪ್ಪು ಕೊಳೆಯನ್ನೂ ‘ಕೊಳೆರೋಗ’ ಎಂದೇ ಕರೆಯುವುದರಿಂದ, ಈ ಪದವನ್ನು ಒಂಟಿಯಾಗಿ ಹಾಕಿದರೆ ಎರಡು ಬೆಳೆಗಳ ಲೇಖನಗಳು ಬೆರೆಯುತ್ತವೆ. ರೋಗಕಾರಕದ ಹೆಸರು ಹಳೆಯ ಲೇಖನಗಳಲ್ಲಿ ‘ಫೈಟಾಫ್ತೊರಾ ಅರೆಕೆ’ ಎಂದಿದ್ದರೆ ಇತ್ತೀಚಿನವುಗಳಲ್ಲಿ ಹೆಚ್ಚಾಗಿ ‘ಫೈಟಾಫ್ತೊರಾ ಮೀಡಿ’ ಎಂದಿರುತ್ತದೆ. ಆದ್ದರಿಂದ ‘ಫೈಟಾಫ್ತೊರಾ’ ಎಂಬ ಕುಲನಾಮವನ್ನಷ್ಟೇ ಕೊಡುವುದು ಜಾಣತನ.

ಔಷಧದಲ್ಲಿ ಎಡವದವರು ವಿರಳ. ಪೊಟ್ಯಾಸಿಯಂ ಫಾಸ್ಫೊನೇಟ್ ಅನ್ನು ಅನೇಕ ಲೇಖಕರು ‘ಪೊಟ್ಯಾಸಿಯಂ ಫಾಸ್ಫೈಟ್’ ಎಂದೂ, ಕೆಲವರು ‘ಫಾಸ್ಫರಸ್ ಆ್ಯಸಿಡ್’ ಲೆಕ್ಕದಲ್ಲೂ ಬರೆಯುತ್ತಾರೆ. ‘ಫಾಸ್ಫೇಟ್’ ಇದಲ್ಲ, ಅದು ಗೊಬ್ಬರ. ಒಂದೆರಡು ಅಕ್ಷರಗಳ ವ್ಯತ್ಯಾಸದಿಂದ ಮಣ್ಣಿನ ಪೋಷಕಾಂಶಗಳ ಸಾವಿರಾರು ಲೇಖನಗಳ ನಡುವೆ ಸಿಕ್ಕಿಕೊಳ್ಳುವ ಅಪಾಯವಿದೆ.

ಈಗ ಪದಗಳನ್ನು ಜೋಡಿಸಿ. ಒಂದೇ ಭಾಗದ ಪರ್ಯಾಯ ಹೆಸರುಗಳ ನಡುವೆ ‘ಅಥವಾ’ ಎಂಬ ಅರ್ಥದ ‘ಆರ್’ (OR) ಹಾಕಿ, ಆ ಗುಂಪನ್ನು ಆವರಣ ಚಿಹ್ನೆಯೊಳಗೆ ಇಡಿ; ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ‘ಆಂಡ್’ (AND) ಹಾಕಿ. ಇವೆರಡನ್ನೂ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಟೈಪ್ ಮಾಡುವ ಅಭ್ಯಾಸವಿರಲಿ. ಆವರಣ ಚಿಹ್ನೆ ಮರೆತರೆ ಯಂತ್ರ ತನಗೆ ತೋಚಿದಂತೆ ಗುಂಪು ಮಾಡಿಕೊಂಡು ಸಂಬಂಧವಿಲ್ಲದ ಫಲಿತಾಂಶ ಕೊಡುತ್ತದೆ. ‘ಫ್ರೂಟ್ ರಾಟ್’ನಂತಹ ಜೋಡಿಪದಗಳನ್ನು ಉದ್ಧರಣ ಚಿಹ್ನೆಯೊಳಗಿಡಿ. ಪದದ ಕೊನೆಯಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಏಕವಚನ, ಬಹುವಚನ ಎರಡೂ ಬರುತ್ತವೆ. ‘ಇದು ಬೇಡ’ ಎನ್ನುವ ‘ನಾಟ್’ (NOT) ಎಂಬುದನ್ನು ಮಾತ್ರ ಬಳಸಬೇಡಿ. ಕಾಫಿಯನ್ನು ಹೊರಗಿಡಲು ‘ನಾಟ್ ಕಾಫಿ’ ಎಂದು ಹಾಕಿದರೆ, ಕಾಫಿ ಮತ್ತು ಅಡಿಕೆ ಎರಡನ್ನೂ ಚರ್ಚಿಸಿದ ಒಳ್ಳೆಯ ಲೇಖನವೂ ಹೊರಗುಳಿಯುತ್ತದೆ.

ಬೆರಳೆಣಿಕೆಯ ಫಲಿತಾಂಶ ಬಂದರೆ ಎದೆಗುಂದದೆ ಬೆಳೆಯ ಗುಂಪನ್ನು ಹಿಗ್ಗಿಸಿ. ಫೈಟಾಫ್ತೊರಾ ಕುಲದ ಜೀವಿಗಳೇ ಕಾಳುಮೆಣಸಿನ ಸೊರಗು ರೋಗಕ್ಕೂ ಕೋಕೋ ಕಾಯಿಯ ಕೊಳೆಗೂ ಕಾರಣವಾಗಿರುವುದರಿಂದ, ಅಲ್ಲಿ ಈ ಔಷಧದ ಬಗ್ಗೆ ನಡೆದ ಕೆಲಸ ದಾರಿ ತೋರಿಸುತ್ತದೆ. ಆದರೆ ಅಲ್ಲಿನ ಪ್ರಮಾಣವನ್ನು ಅಡಿಕೆಗೆ ನೇರವಾಗಿ ಅನ್ವಯಿಸಬಾರದು.

ಹೆಜ್ಜೆ 4: ಸಾರಾಂಶ ಓದಿ ಜರಡಿ ಹಿಡಿಯಿರಿ

ಶೀರ್ಷಿಕೆ ನೋಡಿ ಬಿಡಬೇಡಿ, ಸಾರಾಂಶ ಓದಿ. ಪ್ರಯೋಗ ತೋಟದಲ್ಲಿ ನಡೆದಿದೆಯೇ, ಪ್ರಯೋಗಾಲಯದ ತಟ್ಟೆಯಲ್ಲೇ ಮುಗಿದಿದೆಯೇ ಎಂಬುದು ಮುಖ್ಯ. ಕೊನೆಯ ಐದು ವರ್ಷಗಳಿಗೆ ಸೀಮಿತಗೊಳಿಸುವ ಗುಂಡಿಯನ್ನು ಈ ವಿಷಯದಲ್ಲಿ ಒತ್ತಲೇಬೇಡಿ. ಅಡಿಕೆಯ ಮೇಲಿನ ಗಟ್ಟಿ ಕೆಲಸದಲ್ಲಿ ಬಹುಪಾಲು ಹಳೆಯದು.

ಹೆಜ್ಜೆ 5: ಪೂರ್ಣ ಪಠ್ಯ ಪಡೆಯಿರಿ

ಲೇಖನದ ಶಾಶ್ವತ ಗುರುತಾದ ಡಿಒಐ ಸಂಖ್ಯೆಯನ್ನು ನಕಲಿಸಿ, ಗ್ರಂಥಾಲಯದ ಲಾಗಿನ್ ಮೂಲಕ ತೆರೆಯಿರಿ. ಪುಟ ಆಗಲೂ ಹಣ ಕೇಳಿದರೆ ಉಚಿತ ಪ್ರತಿ ಇದೆಯೇ ಎಂದು ಅನ್‌ಪೇವಾಲ್ ಎಂಬ ಬ್ರೌಸರ್ ಸೌಲಭ್ಯದಿಂದ ನೋಡಿ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ತನ್ನ ಜರ್ನಲ್‌ಗಳನ್ನು ತನ್ನದೇ ಜಾಲತಾಣದಲ್ಲಿ ಉಚಿತವಾಗಿಟ್ಟಿದೆ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಕೃಷಿಕೋಶ ಎಂಬ ಅಂತರಜಾಲ ಭಂಡಾರದಲ್ಲಿವೆ. ಎಷ್ಟೋ ಬಾರಿ ಆರು ಪುಟದ ಲೇಖನಕ್ಕಿಂತ ಅದರ ಹಿಂದಿನ ಸ್ನಾತಕೋತ್ತರ ಪ್ರಬಂಧದಲ್ಲೇ ಸಿಂಪಡಣೆಯ ವೇಳೆ, ಪ್ರಮಾಣ, ಮಳೆಯ ಲೆಕ್ಕಗಳು ಪೂರ್ತಿಯಾಗಿ ಸಿಗುತ್ತವೆ. ಎಲ್ಲಿಯೂ ಸಿಗದಿದ್ದರೆ ಲೇಖಕರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ, ಇಲ್ಲವೇ ಬೇರೆ ಗ್ರಂಥಾಲಯದಿಂದ ತರಿಸಿಕೊಡುವಂತೆ ನಿಮ್ಮ ಗ್ರಂಥಪಾಲಕರನ್ನು ಕೇಳಿ.

ಕೇಳಿದ್ದಕ್ಕೆಲ್ಲ ಕ್ಷಣದಲ್ಲಿ ಉಲ್ಲೇಖಪಟ್ಟಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಈ ಕೆಲಸಕ್ಕೆ ನಂಬಬೇಡಿ. ಅವು ಅಸ್ತಿತ್ವದಲ್ಲೇ ಇಲ್ಲದ ಲೇಖನಗಳಿಗೆ ನಿಜವಾದ ಜರ್ನಲ್‌ಗಳ ಹೆಸರು ಅಂಟಿಸಿ ಕೊಡುವುದುಂಟು. ಡಿಒಐ ತೆರೆದು ಕಣ್ಣಾರೆ ನೋಡದ ಯಾವ ಲೇಖನವನ್ನೂ ವರದಿಯಲ್ಲಿ ಸೇರಿಸಕೂಡದು.

ಇನ್ನೊಂದು ಎಚ್ಚರಿಕೆ: ಜರ್ನಲ್‌ನ ಇಡೀ ಸಂಪುಟವನ್ನು ಒಮ್ಮೆಗೇ ಇಳಿಸಿಕೊಳ್ಳುವ ತಂತ್ರಾಂಶಗಳನ್ನು ಬಳಸಬೇಡಿ. ಪ್ರಕಾಶಕರು ಅದನ್ನು ಗುರುತಿಸಿ ಸಂಸ್ಥೆಯ ಐಪಿ ವಿಳಾಸವನ್ನೇ ತಡೆಹಿಡಿಯುತ್ತಾರೆ. ಒಬ್ಬರ ಆತುರದಿಂದ ಇಡೀ ಆವರಣದ ಓದು ನಿಲ್ಲುತ್ತದೆ.

ಹೆಜ್ಜೆ 6: ಉಳಿಸಿ, ಸೂಚನೆ ಹಾಕಿ

ಲೇಖನಗಳನ್ನು ಜೊಟೆರೊ ಎಂಬ ಉಚಿತ ತಂತ್ರಾಂಶದಲ್ಲಿ ಉಳಿಸಿ. ಹಣ ಕೊಟ್ಟು ಕೊಳ್ಳುವ ಬೇರೆ ಯಾವುದೂ ಬೇಕಿಲ್ಲ. ಮೂರನೇ ಹೆಜ್ಜೆಯಲ್ಲಿ ಜೋಡಿಸಿದ ಪದಗುಚ್ಛವನ್ನು ದಿನಾಂಕದೊಂದಿಗೆ ಬರೆದಿಡಿ. ಅದನ್ನೇ ದತ್ತಸಂಚಯದ ‘ಅಲರ್ಟ್’ ಸೌಲಭ್ಯಕ್ಕೆ ಕೊಟ್ಟರೆ ಹೊಸ ಲೇಖನ ಬಂದಾಗ ಇಮೇಲ್ ಬರುತ್ತದೆ. ಮುಂಗಾರಿಗೆ ಮೊದಲ ಸಿಂಪಡಣೆಯ ಸಲಹೆ ಸಿದ್ಧಪಡಿಸುವವರು ಏಪ್ರಿಲ್‌ನೊಳಗೆ ಇದನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು.