ತಿಂಗಳ ಲೆಕ್ಕಕ್ಕೆ ಹೊಂದುವ ವೇಗದ ಕಾರನ್ನು ಆರಿಸುವುದು ಹೇಗೆ

ವೇಗವೂ ಬೇಕು, ಮನೆಮಂದಿ ಕೂರಲು ಜಾಗವೂ ಬೇಕು, ತಿಂಗಳ ಖರ್ಚೂ ಮಿತಿಯಲ್ಲಿರಬೇಕು ಎನ್ನುವವರು ಸಾಮಾನ್ಯವಾಗಿ ಮೊದಲು ಕಾರನ್ನು ಮೆಚ್ಚಿಕೊಂಡು, ಆಮೇಲೆ ಅದಕ್ಕೆ ತಕ್ಕ ಹಾಗೆ ಲೆಕ್ಕವನ್ನು ಹೊಂದಿಸಲು ಹೊರಡುತ್ತಾರೆ. ಈ ಕ್ರಮ ತಿರುಗಬೇಕು. ಕಂತು ಕಟ್ಟಬಹುದು ಎಂಬ ಒಂದೇ ಕಾರಣಕ್ಕೆ ಕೊಂಡು, ಸವೆದ ಟೈರನ್ನು ಬದಲಿಸಲು ಹಣ ಸಾಲದೆ ಹಾಗೆಯೇ ಓಡಿಸುತ್ತಿರುವ ಮುನ್ನೂರು ಅಶ್ವಶಕ್ತಿಯ ಕಾರಿಗಿಂತ, ಒಂದು ಮೆಟ್ಟಿಲು ಕೆಳಗಿನದಾಗಿದ್ದರೂ ಟೈರು, ಬ್ರೇಕು, ಎಣ್ಣೆ ಎಲ್ಲವೂ ಸುಸ್ಥಿತಿಯಲ್ಲಿರುವ ಕಾರು ತಿರುವಿನ ರಸ್ತೆಯಲ್ಲಿ ಹೆಚ್ಚು ಚುರುಕಾಗಿಯೂ ಹೆಚ್ಚು ಸುರಕ್ಷಿತವಾಗಿಯೂ ಓಡುತ್ತದೆ. ಮುಂದೆ ಹೇಳುವ ಆಯ್ಕೆಯ ಕ್ರಮವೆಲ್ಲ ಈ ನಂಬಿಕೆಯ ಮೇಲೆ ನಿಂತಿದೆ.

ಕಂತನ್ನು ಕೊನೆಯಲ್ಲಿ ನಿರ್ಧರಿಸಿ

ಕಾರಿಗೆಂದು ತಿಂಗಳಿಗೆ ಎಷ್ಟು ಹಣ ತೆಗೆದಿಡಬಹುದು ಎಂಬ ಒಟ್ಟು ಮೊತ್ತವನ್ನು ಮೊದಲು ಬರೆದುಕೊಳ್ಳಿ. ಅದರಿಂದ ಇಂಧನ, ವಿಮೆ, ತೆರಿಗೆ, ಸರ್ವಿಸ್, ಟೈರು ಮತ್ತು ಬ್ರೇಕುಗಳ ಖರ್ಚನ್ನು ಕಳೆಯಿರಿ. ಉಳಿದದ್ದೇ ನೀವು ಕಟ್ಟಬಹುದಾದ ಕಂತು. ಮೊದಲ ಬಾರಿ ಈ ಲೆಕ್ಕ ಹಾಕಿದವರಿಗೆ ಉಳಿದ ಮೊತ್ತವನ್ನು ಕಂಡು ನಿರಾಸೆಯಾಗುವುದು ಸಹಜ; ಆದರೆ ಆ ನಿರಾಸೆ ಕಾರು ಮನೆಗೆ ಬಂದ ಮೇಲೆ ಆಗುವುದಕ್ಕಿಂತ ಮೊದಲೇ ಆಗುವುದು ಲೇಸು.

ವೇಗದ ಕಾರುಗಳಲ್ಲಿ ಹೆಚ್ಚಿನವರು ಮರೆಯುವುದು ಟೈರಿನ ಖರ್ಚನ್ನು. ಈ ಕಾರುಗಳಿಗೆ ಬಳಸುವ ಮೃದು ರಬ್ಬರಿನ ಟೈರುಗಳು ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತವೆ, ಅದೇ ಕಾರಣಕ್ಕೆ ಬೇಗ ಸವೆಯುತ್ತವೆ. ನಾಲ್ಕು ಟೈರುಗಳ ಒಂದು ಸೆಟ್ 25,000 ಕಿಲೋಮೀಟರ್ ಬಾಳಿಕೆ ಬರುತ್ತದೆ ಎಂದು ಇಟ್ಟುಕೊಂಡರೆ, ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರು ನಾಲ್ಕು ಟೈರುಗಳ ಬೆಲೆಯನ್ನು 25ರಿಂದ ಭಾಗಿಸಿ, ಬಂದ ಮೊತ್ತವನ್ನು ಪ್ರತಿ ತಿಂಗಳೂ ಬೇರೆಯಾಗಿ ಎತ್ತಿಡಬೇಕು. ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್‌ಗಳಿಗೂ ಇದೇ ರೀತಿ. ಕೆಲವು ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಾಗಿರುತ್ತದೆ. ಅಂಥವನ್ನು ಹಿಂದುಮುಂದು ಅದಲುಬದಲು ಮಾಡಿ ಸವೆತವನ್ನು ಸಮನಾಗಿಸಲು ಬರುವುದಿಲ್ಲ.

ಇಂಧನದ ಲೆಕ್ಕ ಸರಳ. ಲೀಟರಿಗೆ 18 ಕಿಲೋಮೀಟರ್ ಓಡುವ ಕಾರು ತಿಂಗಳ 1,000 ಕಿಲೋಮೀಟರಿಗೆ ಸುಮಾರು 56 ಲೀಟರ್ ಕುಡಿದರೆ, 12 ಕಿಲೋಮೀಟರ್ ಓಡುವ ಕಾರು 83 ಲೀಟರ್ ಕುಡಿಯುತ್ತದೆ. ಮೇಲಾಗಿ ಹೆಚ್ಚು ಗಾಳಿಯನ್ನು ಒತ್ತಿ ತುಂಬಿಸಿ ಶಕ್ತಿ ಹೆಚ್ಚಿಸುವ ಹಲವು ಟರ್ಬೊ ಎಂಜಿನ್‌ಗಳು ಹೆಚ್ಚಿನ ಆಕ್ಟೇನ್ ಸಂಖ್ಯೆಯ ದುಬಾರಿ ಪೆಟ್ರೋಲನ್ನು ಕೇಳುತ್ತವೆ. ಕಡಿಮೆ ಆಕ್ಟೇನಿನದನ್ನು ಹಾಕಿದರೆ, ನಾಕಿಂಗ್ ತಡೆಯಲು, ಅಂದರೆ ಇಂಧನ ಹೊತ್ತಿಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯದಂತೆ ತಡೆಯಲು, ಎಂಜಿನ್ನಿನ ಕಂಪ್ಯೂಟರ್ ಕಿಡಿ ಹೊತ್ತುವ ಸಮಯವನ್ನು ತಡವಾಗಿಸುತ್ತದೆ. ಆಗ ನೀವು ದುಡ್ಡು ಕೊಟ್ಟು ಕೊಂಡ ಅಶ್ವಶಕ್ತಿಯಲ್ಲಿ ಒಂದು ಪಾಲು ಸುಮ್ಮನೆ ಮಲಗಿರುತ್ತದೆ. ಆದ್ದರಿಂದ ಇಂಧನದ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುವ ಚೀಟಿಯನ್ನು ಓದಿ, ಅದರಲ್ಲಿ ಹೇಳಿರುವ ಪೆಟ್ರೋಲಿನ ಬೆಲೆಯಲ್ಲೇ ಲೆಕ್ಕ ಹಾಕಬೇಕು.

ವಿಮೆಯ ಮೊತ್ತವನ್ನು ಅಂದಾಜಿನಲ್ಲಿ ಬರೆದುಕೊಳ್ಳಬೇಡಿ. ಒಂದೇ ಮಾದರಿಯ ಸಾಧಾರಣ ಆವೃತ್ತಿಗೂ ವೇಗದ ಆವೃತ್ತಿಗೂ ಕಂತಿನಲ್ಲಿ ಆಗುವಷ್ಟೇ ವ್ಯತ್ಯಾಸ ವಿಮೆಯಲ್ಲೂ ಆಗಬಹುದು, ವಯಸ್ಸು ಚಿಕ್ಕದಿದ್ದವರಿಗಂತೂ ಇನ್ನೂ ಹೆಚ್ಚು. ಕಾರಿಗೆ ಮುಂಗಡ ಕೊಡುವ ಮೊದಲೇ ವಿಮೆಯ ದರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.

ಸಾಲದ ಅವಧಿ ಎಂಬ ಮರೆ

ಮಾರಾಟಗಾರರು ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ’ ಎಂದೇ ಮಾತು ಶುರುಮಾಡುವುದಕ್ಕೆ ಕಾರಣವಿದೆ: ಅವಧಿಯನ್ನು ಎಳೆದರೆ ಯಾವ ಕಾರನ್ನು ಬೇಕಾದರೂ ಯಾವ ಕಂತಿನೊಳಗೆ ಬೇಕಾದರೂ ಕೂರಿಸಿ ತೋರಿಸಬಹುದು. ವರ್ಷಕ್ಕೆ ಶೇಕಡಾ 9ರ ಬಡ್ಡಿಯಲ್ಲಿ ಪಡೆದ ಪ್ರತಿ ಒಂದು ಲಕ್ಷ ಸಾಲಕ್ಕೆ 36 ತಿಂಗಳಾದರೆ ಕಂತು ಸುಮಾರು 3,180, 60 ತಿಂಗಳಾದರೆ 2,076, 84 ತಿಂಗಳಾದರೆ 1,609. ಕಂತು ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಆದರೆ ಕಟ್ಟುವ ಒಟ್ಟು ಬಡ್ಡಿ ಮೊದಲನೆಯದರಲ್ಲಿ ಸುಮಾರು 14,500, ಎರಡನೆಯದರಲ್ಲಿ 24,500, ಮೂರನೆಯದರಲ್ಲಿ 35,000 ದಾಟುತ್ತದೆ. ದೀರ್ಘ ಸಾಲದ ಇನ್ನೊಂದು ತೊಡಕೆಂದರೆ, ಕಾರಿನ ಬೆಲೆ ಮೊದಲ ವರ್ಷಗಳಲ್ಲಿ ವೇಗವಾಗಿ ಇಳಿಯುತ್ತದೆ, ಸಾಲದ ಅಸಲು ಅದೇ ವರ್ಷಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ನಡುವೆ ಕಾರನ್ನು ಮಾರಬೇಕಾಗಿ ಬಂದರೆ ಬಂದ ಹಣದಿಂದ ಸಾಲ ತೀರದೇ ಹೋಗಬಹುದು. ನನ್ನ ಅಳತೆ ಹೀಗಿದೆ: 60 ತಿಂಗಳೊಳಗೆ ತೀರಿಸಲಾಗದ ಕಾರು ನಮ್ಮ ಲೆಕ್ಕದ ಕಾರಲ್ಲ. ವೇಗದ ಕಾರುಗಳ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿ, 48 ತಿಂಗಳೇ ಮಿತಿ ಎಂದರೂ ತಪ್ಪಿಲ್ಲ, ಏಕೆಂದರೆ ದೊಡ್ಡ ರಿಪೇರಿಗಳು ತಲೆಯೆತ್ತುವ ಹೊತ್ತಿಗೆ ಕಂತು ಮುಗಿದಿರಬೇಕು.

ಬಾಡಿಗೆ ಕರಾರಿನಲ್ಲಿ, ಅಂದರೆ ಲೀಸ್‌ನಲ್ಲಿ, ಕಾರಿನ ಪೂರ್ತಿ ಬೆಲೆಯ ಬದಲು ಅವಧಿಯಲ್ಲಿ ಆಗುವ ಸವಕಳಿಯನ್ನೂ ಬಡ್ಡಿಯನ್ನೂ ಮಾತ್ರ ಕಟ್ಟುವುದರಿಂದ ತಿಂಗಳ ಮೊತ್ತ ಕಡಿಮೆ ಇರುತ್ತದೆ. ಓಡಿಸಬಹುದಾದ ಕಿಲೋಮೀಟರಿಗೆ ಮಿತಿ ಇರುತ್ತದೆ, ಮೀರಿದರೆ ಪ್ರತಿ ಕಿಲೋಮೀಟರಿಗೂ ದಂಡ. ಚಕ್ರದ ಅಂಚು ಕೆರೆದುಹೋಗಿದ್ದರೆ ಹಿಂದಿರುಗಿಸುವಾಗ ಅದಕ್ಕೂ ಬೆಲೆ ತೆರಬೇಕು. ಕೊನೆಯಲ್ಲಿ ಒಂದು ದೊಡ್ಡ ಕಂತನ್ನು ಉಳಿಸಿಟ್ಟಿರುವ ಸಾಲಗಳೂ ಇವೆ. ಅವುಗಳಲ್ಲಿ ಆ ಕೊನೆಯ ಕಂತಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಸಹಿ ಹಾಕುವ ದಿನವೇ ಉತ್ತರ ಇರಬೇಕು.

ಅಶ್ವಶಕ್ತಿಗಿಂತ ಮೊದಲು ತೂಕ

ಈಗ ಕಾರಿನ ವಿಷಯ. 1976ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ದಿನಬಳಕೆಯ ವೇಗದ ಕಾರು ಎಂದರೆ ಏನೆಂಬುದಕ್ಕೆ ಒಂದು ಮಾದರಿಯನ್ನು ಹಾಕಿಕೊಟ್ಟಿತು. ಅದರ 1.6 ಲೀಟರ್ ಎಂಜಿನ್ ಕೊಡುತ್ತಿದ್ದುದು ಕೇವಲ 110 ಅಶ್ವಶಕ್ತಿ. ಆದರೆ ತೂಕ ಸುಮಾರು 810 ಕಿಲೋಗ್ರಾಂ ಆಗಿದ್ದುದರಿಂದ ಟನ್ನಿಗೆ 136 ಅಶ್ವಶಕ್ತಿ ಸಿಗುತ್ತಿತ್ತು. ಇಂದಿನ 1,500 ಕಿಲೋಗ್ರಾಂ ತೂಕದ ಕಾರು ಆ ಅನುಪಾತವನ್ನು ಮುಟ್ಟಬೇಕಾದರೆ 200ಕ್ಕೂ ಹೆಚ್ಚು ಅಶ್ವಶಕ್ತಿ ಬೇಕು. 2017ರಲ್ಲಿ ಬಂದ ತಲೆಮಾರಿನ ಸುಝುಕಿ ಸ್ವಿಫ್ಟ್ ಸ್ಪೋರ್ಟ್ ಒಂದು ಟನ್ನಿಗಿಂತ ಕಡಿಮೆ ತೂಗುತ್ತಿದ್ದುದರಿಂದ 140ರ ಆಸುಪಾಸಿನ ಅಶ್ವಶಕ್ತಿಯಲ್ಲೇ ಅದನ್ನು ಸಾಧಿಸಿತು.

ತಿಂಗಳ ಲೆಕ್ಕ ಇಟ್ಟವರಿಗೆ ಹಗುರ ಕಾರು ಎರಡು ಸಲ ಲಾಭ ಕೊಡುತ್ತದೆ. ವೇಗ ಹೆಚ್ಚುವುದು ಒಂದು ಲಾಭ. ಟೈರು, ಬ್ರೇಕು, ಇಂಧನ ಮೂರೂ ಕಡಿಮೆ ಖರ್ಚಾಗುವುದು ಇನ್ನೊಂದು. ಆದ್ದರಿಂದ ಪಟ್ಟಿಯಲ್ಲಿರುವ ಪ್ರತಿ ಕಾರಿನ ಅಶ್ವಶಕ್ತಿಯನ್ನು ಟನ್ನುಗಳಲ್ಲಿರುವ ತೂಕದಿಂದ ಭಾಗಿಸಿ ಬರೆದುಕೊಳ್ಳಿ. ಈ ಸಂಖ್ಯೆ 130ರಿಂದ 160ರ ನಡುವೆ ಇದ್ದರೆ ಸಾರ್ವಜನಿಕ ರಸ್ತೆಯಲ್ಲಿ ಅದಕ್ಕಿಂತ ಹೆಚ್ಚು ಶಕ್ತಿಯನ್ನು ಪೂರ್ತಿ ಬಳಸುವ ಅವಕಾಶ ಅಪರೂಪವೆಂಬುದು ನನ್ನ ಅಭಿಪ್ರಾಯ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ತಲುಪುವ ಸೆಕೆಂಡುಗಳಿಗಿಂತ, 80ರಿಂದ 120ಕ್ಕೆ ಏರುವ ಸಮಯ ದಿನನಿತ್ಯದ ಓಡಾಟಕ್ಕೆ ಹೆಚ್ಚು ಸಂಬಂಧಿಸಿದ್ದು, ಲಾರಿಯೊಂದನ್ನು ಹಿಂದಿಕ್ಕುವಾಗ ನೆರವಿಗೆ ಬರುವುದು ಅದೇ. (ಎಂಜಿನ್ನಿನ ಗರ್ಜನೆಗೆ ಮಾರುಹೋಗಿ ನಿರ್ಧರಿಸುವವರು ಒಂದು ವಿಷಯ ತಿಳಿದಿರಲಿ: ಈಗಿನ ಹಲವು ಕಾರುಗಳಲ್ಲಿ ಆ ಸದ್ದಿನ ಒಂದು ಭಾಗ ಬರುವುದು ಸ್ಪೀಕರಿನಿಂದ.)

ಎಲೆಕ್ಟ್ರಿಕ್ ಕಾರುಗಳು ಈ ಲೆಕ್ಕವನ್ನು ಸ್ವಲ್ಪ ಬದಲಿಸುತ್ತವೆ. ಪೆಡಲ್ ಒತ್ತಿದ ಕ್ಷಣವೇ ಪೂರ್ಣ ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ, ಸಿಗುತ್ತದೆ, ಮನೆಯಲ್ಲೇ ಚಾರ್ಜ್ ಮಾಡಲು ಸಾಧ್ಯವಿದ್ದರೆ ಓಡಿಸುವ ಖರ್ಚು ಇಳಿಯುತ್ತದೆ, ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟರೇ ಮಾಡುವುದರಿಂದ ಬ್ರೇಕ್ ಪ್ಯಾಡ್‌ಗಳು ಹೆಚ್ಚು ಕಾಲ ಬಾಳುತ್ತವೆ. ಆದರೆ ಬ್ಯಾಟರಿಯ ಭಾರದಿಂದ ಟೈರು ಬೇಗ ಸವೆಯುತ್ತದೆ.

ದಿನಬಳಕೆ ಎಂಬ ಪರೀಕ್ಷೆ

ಐದು ಬಾಗಿಲು, ಮಡಚಬಹುದಾದ ಹಿಂದಿನ ಸೀಟು, ಅಗಲವಾಗಿ ತೆರೆಯುವ ಡಿಕ್ಕಿ, ಇವಿಷ್ಟು ಇದ್ದರೆ ಹೆಚ್ಚಿನ ಕುಟುಂಬಗಳ ಅಗತ್ಯ ಮುಗಿಯುತ್ತದೆ. ಆದರೂ ವಿವರಗಳಲ್ಲಿ ಅಚ್ಚರಿಗಳಿವೆ. ಹೋಂಡಾ ಸಿವಿಕ್ ಟೈಪ್ ಆರ್ ಐದು ಬಾಗಿಲಿನ ದೊಡ್ಡ ಕಾರಾದರೂ, ಇತ್ತೀಚಿನ ಎರಡು ತಲೆಮಾರುಗಳಲ್ಲಿ ಅದರ ಹಿಂದಿನ ಸೀಟಿನಲ್ಲಿ ಇಬ್ಬರಿಗೆ ಮಾತ್ರ ಬೆಲ್ಟ್ ಇದೆ. ಟೊಯೋಟಾ ಜಿಆರ್ ಯಾರಿಸ್‌ನ ಡಿಕ್ಕಿ 174 ಲೀಟರ್. ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನದು 600 ಲೀಟರಿನ ಆಸುಪಾಸು. ಮೂವರು ಮಕ್ಕಳಿರುವ ಮನೆಗೆ ಈ ಮೂರರಲ್ಲಿ ಯಾವುದು ಎಂಬುದರ ಬಗ್ಗೆ ಹೆಚ್ಚು ಚರ್ಚೆ ಬೇಕಾಗಿಲ್ಲ. ಮಗುವಿನ ಸೀಟು ಇದ್ದರೆ ಅದನ್ನು ಟೆಸ್ಟ್ ಡ್ರೈವಿಗೆ ಕೊಂಡೊಯ್ದು ಕೂರಿಸಿ, ಅದರ ಮುಂದಿನ ಸೀಟಿನಲ್ಲಿ ಎತ್ತರದ ವ್ಯಕ್ತಿ ಕೂರಬಲ್ಲರೇ ಎಂದು ನೋಡಿ.

ಚಕ್ರದ ಅಳತೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸೊಂಟಕ್ಕೂ ಜೇಬಿಗೂ ಒಟ್ಟಿಗೆ ಪೆಟ್ಟು ಬೀಳುವುದು ಇಲ್ಲಿಂದ. 225/40 ಆರ್ 18 ಎಂದು ಬರೆದಿರುವ ಟೈರಿನ ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 40, ಅಂದರೆ 90 ಮಿಲಿಮೀಟರ್. 205/55 ಆರ್ 16 ಟೈರಿನಲ್ಲಿ ಆ ಗೋಡೆ ಸುಮಾರು 113 ಮಿಲಿಮೀಟರ್ ಎತ್ತರವಿರುತ್ತದೆ. ಗುಂಡಿಗೆ ಚಕ್ರ ಇಳಿದಾಗ ರಿಮ್ ಮತ್ತು ರಸ್ತೆಯ ನಡುವೆ ಇರುವುದು ಈ ರಬ್ಬರು ಮಾತ್ರ. ಅದು ಎರಡು ಸೆಂಟಿಮೀಟರಿಗೂ ಹೆಚ್ಚು ತಗ್ಗಿದಾಗ ರಿಮ್ ಬಾಗುವ, ಟೈರಿನ ಪಕ್ಕ ಉಬ್ಬುವ ಸಾಧ್ಯತೆ ಬಹಳ ಏರುತ್ತದೆ. ಒಂದೇ ಮಾದರಿಯಲ್ಲಿ ಸಣ್ಣ ಚಕ್ರದ ಆಯ್ಕೆ ಇದ್ದರೆ ಅದನ್ನೇ ಆರಿಸಿ: ಟೈರು ಅಗ್ಗ, ಸವಾರಿ ಮೃದು, ಚಕ್ರವೂ ಹೆಚ್ಚಾಗಿ ಹಗುರ. ಕೊಂಡ ಮೇಲೆ ಸಣ್ಣ ಚಕ್ರ ಹಾಕಿಸುವ ಯೋಚನೆ ಇದ್ದರೆ, ವೇಗದ ಆವೃತ್ತಿಯ ದೊಡ್ಡ ಬ್ರೇಕ್ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಅದರೊಳಗೆ ಹಿಡಿಸುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಗೇರ್‌ಬಾಕ್ಸಿನ ಆಯ್ಕೆ ಬಹುಮಟ್ಟಿಗೆ ರುಚಿಯ ವಿಷಯ. ಎರಡು ಕ್ಲಚ್‌ಗಳಿಂದ ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಪೆಟ್ಟಿಗೆಗಳಲ್ಲಿ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ನವು ಹೆಚ್ಚು ಟಾರ್ಕನ್ನು ತಾಳಬಲ್ಲವು, ಆದರೆ ಅವುಗಳ ಎಣ್ಣೆಯನ್ನು ತಯಾರಕರು ಹೇಳಿದ ಅಂತರದಲ್ಲಿ ಬದಲಿಸಲೇಬೇಕು. ಒಣ ಕ್ಲಚ್‌ನವು ಇಂಚಿಂಚು ಸಾಗುವ ಟ್ರಾಫಿಕ್‌ನಲ್ಲಿ ಬೇಗ ಬಿಸಿಯಾಗುತ್ತವೆ. ನಿಮ್ಮ ಓಡಾಟದ ಬಹುಪಾಲು ದಟ್ಟಣೆಯಲ್ಲೇ ಆಗಿದ್ದರೆ ಈ ವ್ಯತ್ಯಾಸವನ್ನು ಕೇಳಿ ತಿಳಿಯಿರಿ.

ಹೊಸದೋ, ಓಡಿದ್ದೋ

ಮೊದಲ ಮೂರು ವರ್ಷಗಳ ದೊಡ್ಡ ಸವಕಳಿಯನ್ನು ಬೇರೊಬ್ಬರು ಹೊತ್ತಿರುವ, ವಾರಂಟಿ ಇನ್ನೂ ಸ್ವಲ್ಪ ಉಳಿದಿರುವ ಅಥವಾ ವಿಸ್ತರಿಸಲು ಬರುವ ಕಾರು ತಿಂಗಳ ಲೆಕ್ಕದವರಿಗೆ ಸಾಮಾನ್ಯವಾಗಿ ಉತ್ತಮ. ಆದರೆ ವೇಗದ ಕಾರನ್ನು ಹಿಂದಿನ ಮಾಲೀಕರು ವೇಗವಾಗಿಯೇ ಓಡಿಸಿರುತ್ತಾರೆ ಎಂದು ಭಾವಿಸಿ ಪರಿಶೀಲನೆಗೆ ಹೊರಡಬೇಕು.

ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲ ಸ್ಟಾರ್ಟ್ ನಿಮ್ಮ ಎದುರಿನಲ್ಲೇ ಆಗಲಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏಕೆಂದು ಕೇಳಿ. ನಾಲ್ಕೂ ಟೈರುಗಳ ಬ್ರಾಂಡ್ ನೋಡಿ: ದುಬಾರಿ ಕಾರಿಗೆ ನಾಲ್ಕು ಬಗೆಯ ಅಗ್ಗದ ಟೈರು ಹಾಕಿದವರು ಎಂಜಿನ್ ಎಣ್ಣೆಯಲ್ಲಿ ಧಾರಾಳ ತೋರಿರುವ ಸಂಭವ ಕಡಿಮೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. 2319 ಎಂದಿದ್ದರೆ 2019ರ 23ನೇ ವಾರ. ಬ್ರೇಕ್ ಡಿಸ್ಕಿನ ಹೊರ ಅಂಚಿನಲ್ಲಿ ಬೆರಳಿಗೆ ತಾಗುವ ದಿಣ್ಣೆ ಎದ್ದಿದ್ದರೆ ಡಿಸ್ಕ್ ಸವೆದಿದೆ ಎಂದರ್ಥ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಅದರ ಕುದಿಯುವ ಬಿಂದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಿದ ದಾಖಲೆ ಸರ್ವಿಸ್ ಪುಸ್ತಕದಲ್ಲಿದ್ದರೆ ಅದು ಒಳ್ಳೆಯ ಮಾಲೀಕರ ಗುರುತು.

ಕಂಪ್ಯೂಟರ್ ತಪಾಸಣೆಯ ಸಾಧನವೊಂದನ್ನು ಡ್ಯಾಶ್‌ಬೋರ್ಡಿನ ಕೆಳಗಿರುವ ಒಬಿಡಿ ಕಿಂಡಿಗೆ ಚುಚ್ಚಿ ದೋಷದ ಕೋಡುಗಳನ್ನು ಓದಿಸಿ. ಕೋಡು ಯಾವುದೂ ಇಲ್ಲದಿದ್ದರೂ ನಿಶ್ಚಿಂತರಾಗಬೇಡಿ. ಕೋಡುಗಳನ್ನು ಅಳಿಸಿದಾಗ ಕಾರಿನ ಸ್ವಯಂ ಪರೀಕ್ಷೆಗಳ ದಾಖಲೆಯೂ ಅಳಿದು, ಅವೆಲ್ಲ ಮತ್ತೆ ಪೂರ್ತಿಯಾಗಲು ಕೆಲವು ದಿನಗಳ ಓಡಾಟ ಬೇಕಾಗುತ್ತದೆ; ಆದ್ದರಿಂದ ಹಲವು ಪರೀಕ್ಷೆಗಳು ‘ಅಪೂರ್ಣ’ ಎಂದು ತೋರಿದರೆ, ಯಾರೋ ಇತ್ತೀಚೆಗೆ ಏನನ್ನೋ ಅಳಿಸಿರಬಹುದು ಅಥವಾ ಬ್ಯಾಟರಿಯನ್ನು ಕಳಚಿರಬಹುದು. ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿರುವ ಕಾರನ್ನು, ಎಷ್ಟೇ ಅಗ್ಗವಾಗಿದ್ದರೂ, ಬಿಡುವುದೇ ಲೇಸು: ಕ್ಲಚ್ಚು, ಟರ್ಬೊ, ಗೇರ್‌ಬಾಕ್ಸುಗಳು ತಯಾರಕರು ಎಣಿಸದ ಹೊರೆ ಹೊತ್ತಿರುತ್ತವೆ, ವಾರಂಟಿ ನಿರಾಕರಣೆಗೆ ಅದು ಕಾರಣವಾಗುತ್ತದೆ, ವಿಮೆಯವರಿಗೆ ತಿಳಿಸದಿದ್ದರೆ ಪರಿಹಾರವೂ ಕೈತಪ್ಪಬಹುದು.

ಇಷ್ಟೂ ಆದ ಮೇಲೆ, ಮುಂದಿನ ಹನ್ನೆರಡು ತಿಂಗಳಲ್ಲಿ ಆಗಲೇಬೇಕಾದ ಕೆಲಸಗಳ ಪಟ್ಟಿಯನ್ನು ಮೆಕ್ಯಾನಿಕ್ಕಿನಿಂದ ದರಸಹಿತ ಬರೆಸಿಕೊಳ್ಳಿ. ಆ ಮೊತ್ತವನ್ನು ಕೇಳಿದ ಬೆಲೆಯಿಂದ ಇಳಿಸಲು ಮಾರುವವರು ಒಪ್ಪಿದರೆ ಮಾತು ಮುಂದುವರಿಸಿ. ಒಪ್ಪದಿದ್ದರೆ, ಅದೇ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ನಿಮ್ಮ ತಿಂಗಳ ಲೆಕ್ಕಕ್ಕೆ ಸೇರಿಸಿ, ಕಂತಿಗೆ ಉಳಿಯುವುದೆಷ್ಟು ಎಂದು ಮತ್ತೊಮ್ಮೆ ನೋಡಿದ ಮೇಲಷ್ಟೇ ಮುಂಗಡ ಕೊಡಿ.